ಅಳಿಯನ ಪಾಲಿನ ಕಿಟಕಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ನೆಲ. ಕೆಲವರು ದೇವರ ಜಗಲಿ ನೋಡುತ್ತಾರೆ, ಕೆಲವರು ಟಿವಿ ಎಷ್ಟು ದೊಡ್ಡದು ಎಂದು ನೋಡುತ್ತಾರೆ. ನನ್ನ ಕಣ್ಣು ಮಾತ್ರ ಗೋಡೆಯಿಂದ ಗೋಡೆಗೆ ಓಡಿ, ‘ಇಲ್ಲಿ ಆರು ಗಾದಿ ಹಿಡಿಯುತ್ತವೆ, ಬಾಗಿಲು ಬಿಟ್ಟು ಅಡ್ಡ ಹಾಸಿದರೆ ಏಳು’ ಎಂದು ಒಳಗೇ ಹೇಳಿಬಿಡುತ್ತದೆ. ಮೊನ್ನೆ ಮೊಣಕಾಲು ನೋವೆಂದು ಸಿಂಧನೂರಿನ ಡಾಕ್ಟರ ಹತ್ತಿರ ಹೋಗಿದ್ದೆ. “ಎಲ್ಲಿ ನೋವು?” ಎಂದು ಅವರು ಕೇಳಿದಾಗ ನನ್ನ ಬಾಯಿಂದ “ಟೇಬಲ್ ತೆಗೆದ್ರ ಐದು” ಎಂದು ಬಂತು. ಡಾಕ್ಟರು ಮೊಣಕಾಲು ಬಿಟ್ಟು ನನ್ನ ಕಣ್ಣಿಗೆ ಟಾರ್ಚು ಹಿಡಿದರು.

ತಪ್ಪು ನನ್ನದಲ್ಲ, ಕಸುಬಿನದು. ಮಸ್ಕಿಯಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇದೆ. ಪೆಂಡಾಲು, ಕುರ್ಚಿ, ದೊಡ್ಡ ಪಾತ್ರೆ, ಗಾದಿ, ದಿಂಬು ಎಲ್ಲ ಬಾಡಿಗೆಗೆ. ಏಳನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಶಾಲೆಯೇ ನಿನ್ನನ್ನು ಬಿಟ್ಟಿತು ಎನ್ನುವವರೂ ಇದ್ದಾರೆ. ಅವರೆಲ್ಲ ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದವರು. ಇರಲಿ. ಇವತ್ತು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಯಾರ ಮನೆಯ ಮದುವೆಯಾದರೂ ಬೀಗರ ತಲೆಯ ಕೆಳಗೆ ನನ್ನ ದಿಂಬೇ ಇರುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ದಿಂಬುಗಳನ್ನು ನಾನೇ ತಲೆಯ ಮೇಲೆ ಹೊತ್ತು ತಿರುಗಿದ್ದೇನೆ.

ಗಾದಿ ಹಾಸುವುದು ಸುಲಭ ಎಂದುಕೊಳ್ಳಬೇಡಿ. ನಮ್ಮ ಕಡೆ ಮಲಗುವ ಜಾಗದಲ್ಲಿ ಅರ್ಧ ಹತ್ತಿ, ಅರ್ಧ ಮರ್ಯಾದೆ ತುಂಬಿರುತ್ತದೆ. ಸಾಲಗುಂದದ ಒಂದು ಮದುವೆಯಲ್ಲಿ ಗಂಡಿನ ಸೋದರಮಾವನಿಗೆ ತಿರುಗದ ಫ್ಯಾನಿನ ಕೆಳಗೆ ಜಾಗ ಬಂತು. ಆತ ದಿಂಬನ್ನು ಬಗಲಲ್ಲಿ ಇಟ್ಟುಕೊಂಡು ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದ. ಹುಡುಗಿಯ ಅಪ್ಪ, ದೊಡ್ಡಪ್ಪ, ಊರ ಹಿರಿಯರು ಎಲ್ಲ ಹಿಂದೆ ಓಡಿ, ಕಾಲು ಹಿಡಿಯುವುದೊಂದು ಬಾಕಿ, ರಮಿಸಿ ಕರೆತಂದರು. ಮಾವ ಬಂದ, ದಿಂಬು ಬರಲಿಲ್ಲ. ಅದು ಬಸ್ಸಿನ ಸೀಟು ಹಿಡಿದು ತುರ್ವಿಹಾಳದ ಕಡೆ ಹೋಗಿಬಿಟ್ಟಿತ್ತು.

ಇಷ್ಟೆಲ್ಲ ತಿಳಿದವನೆಂಬ ನನ್ನ ಹಮ್ಮನ್ನು ಇಳಿಸಿದ್ದು ಒಂದು ಹಡಗು. ಆ ಹಡಗಿಗೂ ನನಗೂ ಗಂಟು ಹಾಕಿದ್ದು ನಮ್ಮವ್ವ.

ಅವ್ವ ಸಂತೆಕಲ್ಲೂರಿನ ಮಗಳು. ಜೋಳದ ಸೀಮೆ. ಒಂದು ಕೊಡ ನೀರಿಗೆ ಊರು ದಾಟಿ ಹೋಗಬೇಕಾದ ಕಾಲ ಅವಳದು. ಲಗ್ನಕ್ಕೆ ಮುಂಚೆ ಒಂದು ವರ್ಷ ಅವಳು ಓಣಿಯ ಹೆಂಗಸರ ಜೊತೆ ತುರ್ವಿಹಾಳದ ಕಡೆ ನೆಲ್ಲು ನಾಟಿಗೆ ಹೋಗಿದ್ದಳು. ಕಾಲುವೆಯ ದಂಡೆಯ ಮೇಲೆಯೇ ಅವರ ಗುಡಿಸಲು. ಬಾಗಿಲಿಗೆ ಬಾಗಿಲಿಲ್ಲ, ಗೋಣಿತಟ್ಟು. ಮಧ್ಯಾಹ್ನ ಉಂಡು ಅಡ್ಡಾದಾಗ ತಟ್ಟು ಸರಿಸಿದರೆ, ಮಲಗಿದಲ್ಲಿಂದಲೇ ನೀರು ಕಾಣುತ್ತಿತ್ತಂತೆ. ಬೇಕಾದಷ್ಟು ನೀರು, ಯಾರೂ ಕೊಡ ಹಿಡಿದು ಪಾಳಿ ನಿಲ್ಲದ ನೀರು. “ಅಂಥಾ ಸುಖಾ ಮತ್ತ ಬರ್ಲಿಲ್ಲ ನೋಡಪಾ” ಎಂದು ನಮ್ಮ ಮನೆಯ ನಲ್ಲಿಗೆ ನೀರು ಬಂದಾಗಲೆಲ್ಲ ಹೇಳುತ್ತಾಳೆ. ಕೇಳಿ ಕೇಳಿ ಈಗ ನಲ್ಲಿ ಬಿಟ್ಟ ಸದ್ದಾದರೆ ಸಾಕು, ನನಗೆ ಆ ಗೋಣಿತಟ್ಟು ಕಣ್ಣ ಮುಂದೆ ಬರುತ್ತದೆ.

ಒಂದು ದಿನ ನನ್ನ ಮಗಳು ದೀಪಾ ಫೋನಿನಲ್ಲಿ ಏನೋ ನೋಡುತ್ತಿದ್ದಳು. ಬಿಳಿ ಹಾಸಿಗೆ, ಪಕ್ಕದಲ್ಲಿ ದೊಡ್ಡ ಕಿಟಕಿ, ಕಿಟಕಿಯ ತುಂಬ ನೀಲಿ ನೀರು. ಅವ್ವ ಕನ್ನಡಕ ಏರಿಸಿ ಇಣುಕಿದಳು.

“ಯಾರ ಮನಿಯವಾ ಇದು?”

“ಮನಿ ಅಲ್ಲಜ್ಜಿ, ಹಡಗ. ಹಡಗಿನಾಗ ಹಿಂಗ ಕೋಣಿ ಇರ್ತಾವು.”

“ಹೌದಾ? ಅಂದ್ರ ಮಕ್ಕೊಂಡಲ್ಲಿಂದ ನೀರು ಕಾಣತೈತಿ?”

ಅಷ್ಟೇ ಕೇಳಿದ್ದು. ಮತ್ತೆ ಅಕ್ಕಿ ಆರಿಸಲು ಹೋದಳು. ಆದರೆ ನನ್ನವ್ವ ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಅವಳು ಇಷ್ಟು ಕೇಳಿದಳೆಂದರೆ ಬೇರೆಯವರು ಹಟ ಹಿಡಿದು ಉಪವಾಸ ಕೂತಂತೆ. ಅವ್ವನನ್ನು ಮಲಗಿಸಿ ಸಮುದ್ರ ತೋರಿಸುವುದೆಂದು ಅಲ್ಲೇ ತೀರ್ಮಾನ ಮಾಡಿದೆ.

ತೀರ್ಮಾನ ಮಾಡುವಾಗ ನಾವು ಇಬ್ಬರಿದ್ದೆವು. ಊಟದ ಹೊತ್ತಿಗೆ ಒಂಬತ್ತು ಮಂದಿಯಾದೆವು. ನನ್ನ ಹೆಂಡತಿ ನೀಲಮ್ಮ, ದೀಪಾ, ಮಗ ಬಸು ಹೇಗೂ ಬರಬೇಕು. ನನ್ನ ತಂಗಿ ಗಂಗವ್ವನನ್ನು ಬಿಟ್ಟು ಅವ್ವ ಹೊರಡುವುದಿಲ್ಲ. ಗಂಗವ್ವ ಬಂದರೆ ಲಿಂಗಸುಗೂರಿನಿಂದ ಅವಳ ಗಂಡ ಅಮರೇಶಪ್ಪನವರೂ ಇಬ್ಬರು ಮಕ್ಕಳೂ ಬರಬೇಕು.

ದೀಪಾ ಫೋನಿನಲ್ಲಿ ಒಂಬತ್ತು ಎಂದು ಒತ್ತಿದಳು. ಖಾಲಿ ಇಲ್ಲ ಎಂದು ಬಂತು. ಎಂಟು ಒತ್ತಿದಳು, ಇಲ್ಲ. ಒಂದು ಕೋಣೆಗೆ ನಾಲ್ಕಕ್ಕಿಂತ ಹೆಚ್ಚು ಮಂದಿಯನ್ನು ಅದು ಒಪ್ಪುವುದೇ ಇಲ್ಲ.

“ನಾಕು ಅಂತ ಒತ್ತು. ಉಳಿದವರಿಗೆ ಕೆಳಗ ಗಾದಿ ಹಾಸಿದ್ರಾತು. ಗಾದಿ ನಮ್ಮವ ಅದಾವಲ್ಲ” ಎಂದೆ.

“ಅಪ್ಪಾ, ಅದು ಹಡಗ. ಸಾಲಗುಂದದ ಮದುವಿ ಅಲ್ಲ.”

ಫೋನಿನ ಮೇಲೆ ನಂಬಿಕೆ ಹೋಗಿ ನೀಲಮ್ಮನನ್ನು ಕರೆದುಕೊಂಡು ಸಿಂಧನೂರಿಗೆ ಹೋದೆ. ಅಲ್ಲೊಂದು ಟೂರ್ ಆಫೀಸು. ಹಜ್‌ಗೂ ಕಾಶಿಗೂ ಒಂದೇ ಟೇಬಲ್ಲಿನ ಮೇಲೆ ಟಿಕೆಟ್ ಮಾಡುವ ಹುಡುಗಿ ಶಾಹೀನ. ನಾನು ನನ್ನ ಗಾದಿಯ ಯೋಜನೆಯನ್ನು ಅವಳಿಗೂ ಹೇಳಿದೆ. ಅವಳು ನಗಲಿಲ್ಲ, ಅದಕ್ಕೇ ಅವಳ ಮೇಲೆ ಗೌರವ ಬಂತು.

“ಅಂಕಲ್, ಹಡಗಿಗೇನರ ಆದ್ರ ಒಬ್ಬೊಬ್ಬರಿಗೂ ದೋಣ್ಯಾಗ ಜಾಗಾ ಇರ್ಬೇಕಲ್ರೀ. ಅದಕ್ಕ ಕೋಣಿಗೆ ಇಷ್ಟ ಮಂದಿ ಅಂತ ಮೊದಲ ಬರದಿರ್ತಾರ.”

“ಏನರ ಆದ್ರ ಅಂದ್ರ?” ನೀಲಮ್ಮ ಕುರ್ಚಿಯ ತುದಿಗೆ ಬಂದಳು.

“ಏನೂ ಆಗಂಗಿಲ್ರೀ ಆಂಟಿ. ಆದ್ರ ಅಂದೆ.”

ಆಮೇಲೆ ಅವಳು ಬಿಡಿಸಿ ಹೇಳಿದಳು. ಕಿಟಕಿಯಿಲ್ಲದ ಒಳಗಿನ ಕೋಣೆಗಳು ಎಲ್ಲಕ್ಕಿಂತ ಅಗ್ಗ. ಒಂದೇ ಕೋಣೆಯಲ್ಲಿ ಮೂರನೆಯವರು, ನಾಲ್ಕನೆಯವರು ಮೇಲಿನ ಅಟ್ಟದಂಥ ಹಾಸಿಗೆಯಲ್ಲಿ ಮಲಗಿದರೆ ಅವರ ರೇಟು ಇಳಿಯುತ್ತದೆ. ಹಾಗಾಗಿ ಕೋಣೆ ತುಂಬಿದಷ್ಟೂ ಲಾಭ. ಕಷ್ಟವೆಂದರೆ ಒಂಬತ್ತು. ನಾಲ್ಕು, ನಾಲ್ಕು ಮಾಡಿದರೆ ಒಬ್ಬರು ಉಳಿಯುತ್ತಾರೆ. ಒಂಟಿಯಾಗಿ ಕೋಣೆ ಹಿಡಿದವರು ಇಬ್ಬರ ದುಡ್ಡು ಕೊಡಬೇಕು.

“ಆ ಒಬ್ಬಾವ ನಾನ. ನಾ ಮಕ್ಕೊಳ್ಳೂದ ಇಲ್ಲ. ಮದುವ್ಯಾಗ ಪಾತ್ರಿ ಕಾಯ್ಕೋತ ಕುಂತ ರೂಢಿ ಐತಿ. ಹೊರಗ ಒಂದು ಕುರ್ಚಿ ಕೊಟ್ರ ಸಾಕು” ಎಂದೆ.

“ಕುಂತ್ರೂ ಅಷ್ಟ ರೀ ಅಂಕಲ್.”

ಕಡೆಗೆ ಅವಳೇ ದಾರಿ ಹುಡುಕಿದಳು. ಮುಂಬೈ ಬಿಟ್ಟು, ಎರಡು ರಾತ್ರಿ ಸಮುದ್ರದಲ್ಲಿದ್ದು, ಯಾವ ಊರನ್ನೂ ಮುಟ್ಟದೆ ಮತ್ತೆ ಮುಂಬೈಗೇ ಬರುವ ಹಡಗು. ನಡುವೆ ಇರುವುದು ಒಂದೇ ಹಗಲು. ಎಲ್ಲಿಗೂ ಹೋಗದ್ದರಿಂದ ಅಗ್ಗ. ಅದರಲ್ಲೂ ಪಿತೃಪಕ್ಷದ ದಿನಗಳಲ್ಲಿ ನಮ್ಮ ಮಂದಿ ಮೋಜಿಗೆ ಹೊರಡುವುದಿಲ್ಲ, ಕೋಣೆಗಳು ಖಾಲಿ, ರೇಟು ಇನ್ನೂ ಕೆಳಗೆ. ನನಗೂ ಅದೇ ಒಳ್ಳೆಯದು. ಪಕ್ಷದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ನನ್ನ ಗಾದಿಗಳೂ ಬಿಸಿಲು ಕಾಯಿಸಿಕೊಂಡು ಮಲಗಿರುತ್ತವೆ.

“ಎಲ್ಲಿಗೂ ಹೋಗಂಗಿಲ್ಲಂದ್ರ ರೊಕ್ಕ ಯಾಕ ಕೊಡಬೇಕು?” ಎಂದು ನೀಲಮ್ಮ ಕೇಳಿದಳು. ಶಾಹೀನ ಕಂಪ್ಯೂಟರಿನ ಕಡೆ ತಿರುಗಿ ಕೋಣೆ ಎಣಿಸತೊಡಗಿದಳು.

ಒಳಗಿನ ಕೋಣೆ ಎರಡು: ಒಂದರಲ್ಲಿ ನಾಲ್ಕು, ಒಂದರಲ್ಲಿ ಮೂರು. ಉಳಿದ ಇಬ್ಬರಿಗೆ ಕಿಟಕಿಯ ಕೋಣೆ ಒಂದೇ ಒಂದು ನಮ್ಮ ಕೈಗೆಟುಕುವಂತಿತ್ತು. “ಯಾಕ ಅಗ್ಗ ಅಂದ್ರ, ಕಿಡಕಿ ಮುಂದ ಮಂದಿ ಓಡಾಡೋ ಹಾದಿ ಐತ್ರಿ. ಒಮ್ಮೊಮ್ಮೆ ಅಡ್ಡ ಬರ್ತಾರ. ಆದ್ರ ಹಗಲೊತ್ತು ಹೊರಗಿನವರಿಗೆ ಕಿಡಕಿ ಕನ್ನಡಿ ಇದ್ದಂಗ, ಒಳಗ ಏನೂ ಕಾಣಂಗಿಲ್ಲ. ಮಂಚ ಕಿಡಕಿಗೆ ಹತ್ತೇ ಐತಿ” ಎಂದಳು ಶಾಹೀನ.

ಅವ್ವ ಮತ್ತು ದೀಪಾ ಕಿಟಕಿಗೆ, ಅಮರೇಶಪ್ಪನವರ ಸಂಸಾರ ನಾಲ್ಕಕ್ಕೆ, ನಾವು ಮೂವರಿಗೆ. ಗೋಡೆಯಿಂದ ಗೋಡೆಗೆ ಗಾದಿ ಕೂತಂತೆ ಕೂತಿತು. ಬಸ್ಸಿನಲ್ಲಿ ಮಸ್ಕಿಗೆ ಬರುವಾಗ ನಾನು ಒಬ್ಬನೇ ನಗುತ್ತಿದ್ದೆ. ಊರ ಗುಡ್ಡ ಕಾಣುವ ಹೊತ್ತಿಗೆ ನೀಲಮ್ಮ ಬಾಯಿ ತೆರೆದಳು.

“ಇರೋದು ಒಂದ ಕಿಡಕಿ. ಮನಿ ಅಳಿಯಾರನ್ನ ಕತ್ತಲಿ ಕೋಣ್ಯಾಗ ಹಾಕಿ, ನಾವು ಕಿಡಕಿ ಇಟಗೊಂಡ್ರ ಲಿಂಗಸುಗೂರಾಗ ಮಂದಿ ಏನಂದಾರು?”

ನೋಡಿ, ಊರಿಗೆಲ್ಲ ಬೀಗರ ಮರ್ಯಾದೆ ಕಲಿಸುವವನು ನಾನು. ಸ್ವಂತ ತಂಗಿಯ ಗಂಡನನ್ನೇ ತಿರುಗದ ಫ್ಯಾನಿನ ಕೆಳಗೆ ಹಾಕಿ ಬಂದಿದ್ದೆ.

ಅವ್ವನ ಹತ್ತಿರ ಈ ಮಾತು ಎತ್ತುವುದೇ ತಪ್ಪಾಯಿತು. ಅವ್ವನಿಗೂ ಅಮರೇಶಪ್ಪನವರಿಗೂ ನಡುವಿನ ಮರ್ಯಾದೆಯನ್ನು ನಿಮಗೆ ಹೇಳಬೇಕು. ಅಳಿಯ ಬಂದರೆ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಲ್ಲುತ್ತಾಳೆ. ಅವರು ಇರುವಷ್ಟು ಹೊತ್ತು ಕೂರುವುದಿಲ್ಲ. ಅವರ ಕಣ್ಣಿಗೆ ಬೀಳುವಂತೆ ಅಡ್ಡಾಗುವ ಮಾತಂತೂ ದೂರ. ನೇರ ಮಾತಿಲ್ಲ. ಅಳಿಯ ಎದುರಿಗೇ ಇದ್ದರೂ “ಅಳಿಯಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳವಾ” ಎಂದು ಗಂಗವ್ವನಿಗೆ ಹೇಳುತ್ತಾಳೆ. ಅವರೂ “ಅತ್ತಿಯಾರಿಗೆ ಸಾಕಂತ ಹೇಳು” ಎನ್ನುತ್ತಾರೆ. ಮಾತು ಹೀಗೆ ಗಂಗವ್ವನ ಮೇಲಿಂದ ಹಾಯ್ದು ಹೋಗುವಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತದೆ.

“ಕಿಡಕಿ ಅಳಿಯಾರಿಗೇ” ಎಂದಳು ಅವ್ವ.

“ಯವ್ವಾ, ನಾ ಇದನ್ನೆಲ್ಲಾ ಮಾಡಿದ್ದು ಯಾರಿಗೆ?”

“ನನ್ನ ಸಮಂದ ಅಳಿಯಾರ ಮನಸು ಮುರಿಯೂದಾದ್ರ ನಾ ಬರಂಗೇ ಇಲ್ಲ. ನಲ್ಯಾಗೂ ನೀರ ಬರತೈತಿ, ಅದನ್ನ ನೋಡ್ತೀನಿ.”

ಪಕ್ಷದ ದಿನವೆಂದು ತಕರಾರು ಮಾಡುತ್ತಾಳೇನೋ ಎಂದುಕೊಂಡಿದ್ದೆ. ಅದಕ್ಕೆ ಅವಳು “ಹಿರೇರಿಗೆ ನೀರು ಬಿಡೋ ದಿನ. ಸಮುದ್ರದಾಗ ಬಿಟ್ರ ಅವರಿಗೇನು ಕಹಿ ಆಗತೈತಾ?” ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಪಿತೃಗಳು ಒಪ್ಪಿದರೂ ಅಳಿಯನ ಕಿಟಕಿಯಲ್ಲಿ ಹಡಗು ಸಿಕ್ಕಿಕೊಂಡಿತು.

ಮರುದಿನ ಲಿಂಗಸುಗೂರಿಗೆ ಹೋದೆ. ಅಮರೇಶಪ್ಪನವರು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಮೆತ್ತಗಿನ ಮನುಷ್ಯ, ಗಟ್ಟಿಯಾಗಿರುವುದು ಮೀಸೆಯೊಂದೇ. ಕಿಸೆಯಲ್ಲಿ ಪೆನ್ನಿನ ಜೊತೆ ಒಂದು ಸಣ್ಣ ಬಾಚಣಿಗೆ ಸದಾ ಇರುತ್ತದೆ. ಕನ್ನಡಿ ಕಂಡಲ್ಲಿ ಅದು ಹೊರಗೆ ಬರುತ್ತದೆ. ಗಂಗವ್ವ ಮಂಡಾಳ ಒಗ್ಗರಣೆ, ಮಿರ್ಚಿ ತಂದಿಟ್ಟಳು. ನಾನು ಹಡಗಿನ ಊಟದ ಸುದ್ದಿ ಹೇಳಿದೆ, ರೈಲಿನ ಸುದ್ದಿ ಹೇಳಿದೆ, ಮೂರು ಕೋಣೆ, ಒಂದಕ್ಕೆ ಕಿಟಕಿ ಎಂಬುದನ್ನೂ ಹೇಳಿದೆ. ಆ ಕಿಟಕಿ ಯಾರಿಗೆ ಎನ್ನುವಷ್ಟರಲ್ಲಿ ಮಿರ್ಚಿ ನೆತ್ತಿಗೇರಿ ಕೆಮ್ಮು ಬಂತು.

ಅಮರೇಶಪ್ಪನವರು ನೀರು ಕೊಟ್ಟು, ನನ್ನ ಬೆನ್ನು ತಟ್ಟುತ್ತಾ ಕೇಳಿದರು: “ಭಾವಾರ, ಕಿಡಕಿ ಇರೋದು ಒಂದ ಏನ್ರಿ?”

“ಹೂಂ, ಒಂದ ರೀ. ಅದು ನಿಮಗ ಅಂತ ಅವ್ವ...”

“ಅಯ್ಯ, ನನಗ ಬ್ಯಾಡ್ರಿ ಮಾರಾಯರ! ಹರಿಯೋ ನೀರು ನೋಡಿದ್ರ ನನಗ ತಲಿ ತಿರಗತೈತಿ. ಕಿಡಕಿ ಇಲ್ಲದ ಕೋಣಿ ಇದ್ರ ಮಾತ್ರ ನಾ ಬರ್ತೀನಿ. ಅತ್ತಿಯಾರಿಗೆ ಹಿಂಗ ಹೇಳ್ರಿ, ಕೈ ಮುಗದು ಹೇಳ್ಯಾರಂತ ಹೇಳ್ರಿ.”

“ನಿಮಗ್ಯಾವಾಗ...” ಎಂದು ಗಂಗವ್ವ ಏನೋ ಶುರು ಮಾಡಿದಳು. ಅವರು ಅವಳ ಕಡೆ ನೋಡಿದ ನೋಟಕ್ಕೆ ಅವಳು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಗಂಡ ಹೆಂಡಿರಲ್ಲಿ ಇದ್ದದ್ದೇ ಎಂದು ನಾನು ಇನ್ನೊಂದು ಮಿರ್ಚಿ ತೆಗೆದುಕೊಂಡೆ.

ಸುದ್ದಿ ಕೇಳಿ ಅವ್ವ ಹಡಗಿಗೆ ಒಪ್ಪಿದಳು. ಆದರೆ ಅವಳಿಗೆ ಹೊಸ ಚಿಂತೆ ಹತ್ತಿಕೊಂಡಿತು. ತಲೆ ತಿರುಗುವ ಅಳಿಯನನ್ನು ನೀರಿನ ಮೇಲೆ ಕರೆದೊಯ್ಯುವುದು ಹೇಗೆ? ಒಣಶುಂಠಿಯ ಪೊಟ್ಟಣ ಕಟ್ಟಿದಳು, ನಿಂಬೆಹಣ್ಣು ಇಟ್ಟುಕೊಂಡಳು.

ರಾಯಚೂರಿನಿಂದ ರೈಲು ಹಿಡಿದು ಮುಂಬೈಗೆ ಹೋಗಿ ಹಡಗು ಹತ್ತಿದೆವು. ಹತ್ತುವಾಗ ನಿಂಬೆಹಣ್ಣನ್ನು ಒಳಗೆ ಬಿಡಲಿಲ್ಲ. ಶುಂಠಿ ಅವ್ವನ ಸೊಂಟದ ಚೀಲದಲ್ಲಿ ದಾಟಿತು. ಹಡಗೆಂದರೆ ಏನು ಹೇಳಲಿ, ನಮ್ಮ ಮಸ್ಕಿಯ ಬಜಾರವನ್ನು ಮಡಚಿ ಮಡಚಿ ಹತ್ತು ಅಂತಸ್ತು ಮಾಡಿ, ಮೇಲೆ ದೀಪ ಹಚ್ಚಿದಂತೆ ಇತ್ತು. ನಮ್ಮ ಮೂವರ ಕೋಣೆಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ನೆಲಕ್ಕೆ ಹೋಯಿತು. ಎರಡೇ ಗಾದಿ, ಅದೂ ಬಾಗಿಲು ತೆರೆಯದಿದ್ದರೆ. ಶಾಹೀನ ಹೇಳಿದ್ದು ನಿಜವಿತ್ತು.

ಅವ್ವನ ಕೋಣೆಯಲ್ಲಿ ಬೇರೆಯೇ ಪಂಚಾಯ್ತಿ ನಡೆದಿತ್ತು. ಹಾಸಿಗೆ ಸರಿಮಾಡಲು ಬಂದ ಹುಡುಗನನ್ನು ನಿಲ್ಲಿಸಿಕೊಂಡು, ಉತ್ತರ ದಿಕ್ಕು ಯಾವ ಕಡೆ ಎಂದು ದೀಪಾಳ ಕೈಲಿ ಕೇಳಿಸುತ್ತಿದ್ದಳು. ಉತ್ತರಕ್ಕೆ ತಲೆ ಹಾಕಿ ಮಲಗಬಾರದಲ್ಲ. ಹುಡುಗ ಪಾಪ, ಹಡಗು ತಿರುಗುತ್ತಾ ಇರುತ್ತದೆ, ಈಗ ಉತ್ತರ ಇತ್ತ, ಊಟದ ಹೊತ್ತಿಗೆ ಅತ್ತ ಎಂದು ಕೈಯಾಡಿಸಿ ತೋರಿಸಿದ.

“ಹಂಗಾದ್ರ ಪಾಪ ಹತ್ತಿದ್ರ ಹಡಗಿಗೇ ಹತ್ತಲಿ” ಎಂದು ಅವ್ವ ದಿಂಬು ಹಾಕಿಕೊಂಡಳು.

ಹಡಗು ಬಿಟ್ಟಾಗ ಕತ್ತಲಾಗಿತ್ತು. ಕಿಟಕಿಯಲ್ಲಿ ಕಂಡದ್ದು ಅವ್ವನ ಮುಖವೇ. ಮರುದಿನ ಬೆಳಿಗ್ಗೆ ಮಕ್ಕಳು ಅವಳನ್ನು ಉಪ್ಪಿಟ್ಟು, ಇಡ್ಲಿ, ಹೆಸರು ಗೊತ್ತಿಲ್ಲದ ಹಣ್ಣುಗಳ ನಡುವೆ ಕೈಹಿಡಿದು ತಿರುಗಿಸಿದರು. ಅದರ ನಡುವೆಯೂ ಅವಳ ಶುಂಠಿಯ ಸರಬರಾಜು ನಿಲ್ಲಲಿಲ್ಲ. ಗಂಗವ್ವನ ಮಗಳು ಚಿನ್ನಿಯ ಕೈಗೆ ಒಂದೊಂದು ಚೂರು ಕೊಟ್ಟು “ಅಪ್ಪಗ ಕೊಟ್ಟು ಬಾ, ಹೆಂಗದಾರ ನೋಡಿ ಬಾ” ಎಂದು ಕಳಿಸುವಳು. ಚಿನ್ನಿ ಹೋಗಿ ಬಂದು “ಅಪ್ಪ ಹಣಿ ಮ್ಯಾಲ ಟಾವೆಲ್ ಹಾಕ್ಕೊಂಡು ಮಕ್ಕೊಂಡಾನ” ಎನ್ನುವಳು. ನಾನೂ ಒಮ್ಮೆ ಹೋಗಿ ನೋಡಿದೆ. ದೀಪ ಆರಿಸಿದ ಕೋಣೆಯಲ್ಲಿ ಅಮರೇಶಪ್ಪನವರು ಮೇಲಿನ ಅಟ್ಟವನ್ನು ನೋಡುತ್ತಾ ಮಲಗಿದ್ದರು.

“ಹೆಂಗೈತ್ರಿ?”

“ಐತ್ರಿ ಭಾವಾರ” ಎಂದರು. ಬಾಯಿ ತುಂಬ ಶುಂಠಿ.

ಮಧ್ಯಾಹ್ನದ ಊಟ ಮುಗಿಯಿತು. ಆ ಮಧ್ಯಾಹ್ನವೇ ಅಸಲು ಹೊತ್ತು. ಮರುದಿನ ಕಣ್ಣು ಬಿಡುವಷ್ಟರಲ್ಲಿ ಮುಂಬೈ. ತುರ್ವಿಹಾಳದ ಗುಡಿಸಲಿನಲ್ಲಿ ಉಂಡು ಅಡ್ಡಾದಂತೆ ಅವ್ವ ಅಡ್ಡಾಗಬೇಕಾದದ್ದು ಈಗ. ಅವಳನ್ನು ಕೋಣೆಗೆ ಬಿಟ್ಟು ದೀಪಾ ಮೇಲೆ ಹೋದಳು. ನಾನು ತುಸು ಹೊತ್ತು ತಡೆದು, ಅವ್ವ ಹೇಗೆ ಮಲಗಿದ್ದಾಳೆ ನೋಡೋಣವೆಂದು ಮೆಲ್ಲಗೆ ಬಾಗಿಲು ತಟ್ಟಿ ಒಳಗೆ ಹೋದೆ.

ಅವ್ವ ಮಲಗಿರಲಿಲ್ಲ. ಮಂಚದ ಪಕ್ಕದಲ್ಲಿ, ಗೋಡೆಗೆ ಹತ್ತಿ, ಹಣೆಯವರೆಗೆ ಸೆರಗು ಎಳೆದುಕೊಂಡು ನಿಂತಿದ್ದಳು.

“ಯಾಕಬೇ, ಯಾಕ ನಿಂತೀ? ಕಾಲು ಬ್ಯಾನಿ ಆಗಂಗಿಲ್ಲೇನು?”

“ಅಳಿಯಾರು ನಿಂತಾರಲ್ಲಪಾ” ಎಂದು ಪಿಸುಗುಟ್ಟಿದಳು.

ಕಿಟಕಿಯ ಕಡೆ ನೋಡಿದೆ. ಉದ್ದಕ್ಕೂ ನೀಲಿ ನೀರು, ದಂಡೆ ಎಂಬುದೇ ಇಲ್ಲ. ಆ ನೀರಿನ ನಟ್ಟನಡುವೆ ಅಮರೇಶಪ್ಪನವರ ಬೆನ್ನು. ಕಂಬಿಗೆ ಎರಡೂ ಮೊಣಕೈ ಊರಿ, ಅಂಗಿಯ ಗುಂಡಿ ಬಿಚ್ಚಿ, ಗಾಳಿಗೆ ಎದೆಯೊಡ್ಡಿ ನಿಂತಿದ್ದಾರೆ. ಅತ್ತೆ ಮಲಗಿರುತ್ತಾರೆ, ಇನ್ನು ಭಯವಿಲ್ಲ ಎಂದು ಕತ್ತಲೆ ಕೋಣೆಯ ಜೇಲಿನಿಂದ ತಪ್ಪಿಸಿಕೊಂಡು ಬಂದಿದ್ದರು. ಬಂದು ನಿಂತದ್ದು ಅತ್ತೆಯ ಕಿಟಕಿಯ ಮುಂದೆಯೇ.

“ಎಷ್ಟೊತ್ತಾತು ನಿಂತು?”

“ಅವರು ಬಂದಾಗಿಂದ. ಅವರೂ ಹೋಗವಲ್ರು, ನಾನೂ ಕುಂದರವಲ್ಲೆ.”

“ಅವರಿಗೆ ನೀ ಕಾಣಂಗೇ ಇಲ್ಲ ಬೇ! ಹೊರಗಿಂದ ಅದು ಕನ್ನಡಿ.”

“ನನಗ ಅವರು ಕಾಣ್ತಾರಲ್ಲ.”

ಒಂದೇ ಒಂದು ಹಗಲು, ಒಂದೇ ಒಂದು ಕಿಟಕಿ, ಅದೂ ಹೀಗೆ ನಿಂತೇ ಮುಗಿಯುತ್ತಿತ್ತು. “ತಡಿ, ಹೋಗಿ ಅವರನ್ನ ಆಚಿಗೆ ಕರಕೊಂಡು ಹೋಗ್ತೀನಿ” ಎಂದು ಬಾಗಿಲಿಗೆ ತಿರುಗಿದೆ.

ಅವ್ವ ನನ್ನ ತೋಳು ಹಿಡಿದಳು.

“ಬ್ಯಾಡ. ತಲಿ ತಿರಗೋ ಮನಷ್ಯಾರು ನೀರ ಹೆಂಗ ನೋಡಾಕತ್ತಾರ ನೋಡು.”

ನಾವಿಬ್ಬರೂ ನೋಡಿದೆವು. ಹೊರಗೆ ಅವರು ಹಿಮ್ಮಡಿ ಎತ್ತಿ, ಕಂಬಿಯ ಮೇಲಿಂದ ಬಾಗಿ, ಸಣ್ಣ ಹುಡುಗನಂತೆ ಕೆಳಗಿನ ನೊರೆ ನೋಡುತ್ತಿದ್ದರು. ಅವ್ವನ ಮುಖದಲ್ಲಿ ನಿಧಾನವಾಗಿ ಏನೋ ಬಿಚ್ಚಿಕೊಂಡಿತು. ಲಿಂಗಸುಗೂರಿನಲ್ಲಿ ಗಂಗವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದದ್ದು ನನಗೆ ಆಗ ನೆನಪಾಯಿತು. ನನಗಿಂತ ಮೊದಲೇ ಅವ್ವನಿಗೆ ತಿಳಿದಿತ್ತು. ಅವಳು ಸೊಂಟದ ಚೀಲದಿಂದ ಶುಂಠಿಯ ಪೊಟ್ಟಣ ತೆಗೆದು ಟೇಬಲ್ಲಿನ ಮೇಲಿಟ್ಟಳು.

“ಯಪ್ಪಾ, ಮುಂಜಾನಿಂದ ಎಷ್ಟು ತಿನಿಸಿದ್ನೋ ಏನೋ!”

ಆಮೇಲೆ ಮಂಚದ ಅಂಚಿಗೆ ಕೂತಳು. ಅಳಿಯ ಎದುರಿಗಿರುವಾಗ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೂತು ಒಮ್ಮೆ ಕಿಟಕಿಯತ್ತ ನೋಡಿದಳು, ಏನಾದರೂ ಆಗುತ್ತದೇನೋ ಎನ್ನುವಂತೆ. ಏನೂ ಆಗಲಿಲ್ಲ. ಕಾಲು ಮೇಲೆ ತೆಗೆದುಕೊಂಡಳು. ಸೆರಗು ಮಾತ್ರ ಬಿಡದೆ, ದಿಂಬಿಗೆ ತಲೆ ಕೊಟ್ಟು, ಕಿಟಕಿಯ ಕಡೆ ಮಗ್ಗುಲಾಗಿ ಮಲಗಿದಳು.

“ಅಡ್ಡ ನಿಂತಾರಲ್ಲಬೇ. ಪೂರ್ತಿ ಕಾಣವಲ್ದು” ಎಂದೆ.

“ಇರ್ಲಿ ಬಿಡಪಾ. ನೀರು ಭಾಳೈತಿ.”

ಅಷ್ಟರಲ್ಲಿ ಅಮರೇಶಪ್ಪನವರು ತಿರುಗಿದರು. ಗಾಜಿನಲ್ಲಿ ತಮ್ಮ ಮುಖ ಕಂಡು ಒಂದು ಹೆಜ್ಜೆ ಮುಂದೆ ಬಂದರು, ಕಿಸೆಯಿಂದ ಬಾಚಣಿಗೆ ತೆಗೆದರು, ಗಾಳಿಗೆ ಕೆದರಿದ ಮೀಸೆಯನ್ನು ಒಂದೊಂದೇ ಕಡೆ ತೀಡತೊಡಗಿದರು. ಅತ್ತೆಗೂ ಅಳಿಯನಿಗೂ ನಡುವೆ ಒಂದು ಗೇಣು, ಒಂದು ಗಾಜು.

ಅವ್ವ ಏಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಂಚ ಅಲುಗಾಡುವಂತೆ ನಗುತ್ತಾ, ಮಲಗಿದಲ್ಲಿಂದಲೇ ನೋಡುತ್ತಿದ್ದಳು.